ಮಂದ ಅಂದರೆ ಕಿವಿ

ಒತ್ತಿದಳು, ಮತ್ತೆ ಒತ್ತಿದಳು, ಬಾಗಿಲಿನ ಗಾಜಿನಾಚೆ ಮಗಳ ಬೆನ್ನು, ತಲೆಗೆ ದೊಡ್ಡ ಹೆಡ್‌ಫೋನ್, ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕಂತೆ, ಈಗ ಯಾಕೆ ಒತ್ತಲಿಲ್ಲ, ಸದ್ದೇ ಬರಲಿಲ್ಲವೋ ಏನೋ — ಸುಮ್ನೆ ಕೂತ್ಕೊಳ್ಳೇ, ನೀನು ಕಾಲು ಅಲ್ಲಾಡಿಸಿದ್ರೆ ನನ್ನ ಸೊಂಟ ಹಿಡ್ಕೊಳ್ಳುತ್ತೆ, ಅನ್ನುತ್ತಾರೆ ಪಕ್ಕದಲ್ಲಿ ಇವರು, ಸಾಲು ಕುರ್ಚಿ, ಒಬ್ಬರು ಅಲ್ಲಾಡಿದರೆ ಎಲ್ಲರೂ ಅಲ್ಲಾಡಬೇಕು, ಇಲ್ಲೇ ನೆಲೆಸೋಕೆ ಹಾಕಿದ ನಮ್ಮ ಅರ್ಜಿಯೂ ಹಾಗೇ, ಮೂವರಿಗೂ ಒಂದೇ, ಸರ್ಕಾರದವರು ಮಗಳನ್ನು ಬೇಡ ಅಂದರೆ ಮೂವರೂ ಈ ದೇಶ ಬಿಡಬೇಕು. ಎಲ್ಲ ನನ್ನ ಬಾಯಿಂದಲೇ ಆದದ್ದು. ಹೋದ ಸಲದ ತಪಾಸಣೆಯಲ್ಲಿ ದುಭಾಷಿ ಫೋನಿನಲ್ಲಿದ್ದ, ಮಗುಗೆ ಏನಾದ್ರೂ ತೊಂದ್ರೆ ಇದ್ಯಾ ಅಂದ, ಸ್ವಲ್ಪ ಮಂದ ಅಷ್ಟೇ ಸರ್ ಅಂದೆ, ನಮ್ಮ ಮನೆಯಲ್ಲಿ ಮಂದ ಅಂದರೆ ಕಿವಿಯೇ, ಜೋರಾಗಿ ಕರೀರಿ ಅವಳು ಮಂದ, ಹೀಗೇ ಹನ್ನೊಂದು ವರ್ಷ ಸಾಕಿದ್ದೇನೆ, ಕಿವಿ ಅಂತ ಬೇರೆ ಹೇಳಿದ್ದು ಯಾವಾಗ — ಅವನು ಬುದ್ಧಿಮಂದ ಅಂದುಬಿಟ್ಟ, ಡಾಕ್ಟರ್ ಬರೆದುಬಿಟ್ಟರು, ಕಿವಿಯ ಮೆಷಿನ್ ಅವತ್ತೇ ರಿಪೇರಿಗೆ ಹೋಗಿರಬೇಕೇ, ಕೇಳಿದ್ದಕ್ಕೆಲ್ಲ ಮಗಳು ಪಿಳಿಪಿಳಿ ಕಣ್ಣು ಬಿಟ್ಟಳು. ಆಮೇಲೆ ಕಾಗದ, ಈ ಮಗುವಿನ ಆರೈಕೆ ಸರ್ಕಾರಕ್ಕೆ ಹೊರೆಯಾದೀತು, ತೊಂಬತ್ತು ದಿನದೊಳಗೆ ಉತ್ತರ ಕೊಡಿ, ಅದನ್ನು ನಮಗೆ ಓದಿ ಹೇಳಿದವಳೂ ಅವಳೇ, ಅಮ್ಮಾ, ನಂಗೆ ಓದೋಕೆ ಬರಲ್ಲ ಅಂತ ಬರ್ದಿದಾರೆ ನೋಡು, ಗಡಗಡ ಓದುತ್ತಲೇ ಹೇಳಿದಳು, ನಗಬೇಕೋ ಅಳಬೇಕೋ, ನಾನು ಅತ್ತೆ. ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿ ಪೆಟ್ಟಿಗೆ ಎತ್ತಿದಾಗಲೆಲ್ಲ ದಿಂಬಿನ ಕವರಿನ ಮೇಲೆ ಬುದ್ಧಿಮಂದ ಅನ್ನುವ ಅದೇ ಪದ, ಎಷ್ಟು ಉಜ್ಜಿದರೂ ಅದೇ, ಮೂರು ಕವರ್ ಸುಟ್ಟೆ, ನಿನ್ನ ಜ್ಞಾನ ಎಲ್ಲಿದೆ ಅಂದಳು ಮೇಲ್ವಿಚಾರಕಿ.

ಬಾಗಿಲು ತೆರೆಯಿತು, ಬನ್ನಿ ಇಬ್ರೂ, ಆ ಕಾಗದಕ್ಕೆ ಉತ್ತರ ಅಂತ ನಾವೇ ಕೇಳಿಕೊಂಡ ಮರುತಪಾಸಣೆ ಇದು, ಇವತ್ತು ದುಭಾಷಿ ಎದುರಿಗೇ ಕೂತಿದ್ದಾಳೆ, ಹೆಂಗಸು, ಸದ್ಯ — ಮಗಳು ಮೆಷಿನ್ ಹಾಕಿಕೊಂಡು ಕಾಲಾಡಿಸುತ್ತಾ ಕೂತಿದ್ದಾಳೆ, ಇವಳಿಗೆ ಹೆದರಿಕೆಯೇ ಇಲ್ಲವೇ. ಅಮ್ಮಾ, ನೀವು ಅವತ್ತು ಮಂದ ಅಂದ್ರಲ್ಲ, ಯಾವುದಕ್ಕೆ ಹೇಳಿದ್ದು, ಬುದ್ಧಿಗಾ, ಕಿವಿಗಾ, ಅಂದಳು ದುಭಾಷಿ. ಇನ್ನೊಂದು ಪದ ತಪ್ಪಿದರೆ ಏನು ಗತಿ, ಅಷ್ಟರಲ್ಲಿ ಮಗಳು, ಕಿವಿ ನಂಗೆ ಮಂದ ಆಂಟಿ, ಬುದ್ಧಿ ಅಪ್ಪಂಗೆ. ಇವರು ತಲೆ ಕೆರೆದುಕೊಂಡರು, ದುಭಾಷಿ ನಗು ತಡೆಯಲಾರದೆ ನಗುತ್ತಲೇ ಅದನ್ನು ಡಾಕ್ಟರಿಗೆ ಹೇಳಿದಳು, ಡಾಕ್ಟರ್ ನಕ್ಕರು, ಅಷ್ಟು ಬಿಗಿ ಮುಖದ ಮನುಷ್ಯ ನಕ್ಕರು, ಹಳೇ ವರದಿ ಎಳೆದುಕೊಂಡರು, ಪೆನ್ನಿನ ಮುಚ್ಚಳ ತೆಗೆದರು — ಹೊಸದಾಗಿ ಬರೆದು ಕಳಿಸ್ತಾರಂತೆ ಅಮ್ಮಾ, ಕಿವಿ ಒಂದಕ್ಕೇ ಆದ್ರೆ ಸಾಮಾನ್ಯವಾಗಿ ಬೇಡ ಅನ್ನಲ್ವಂತೆ, ಉತ್ತರಕ್ಕೆ ಒಂದು ತಿಂಗಳು ಕಾಯಿರಿ — ಕಾಯೋಣ, ತಿಂಗಳೇನು, ಎರಡಾಗಲಿ, ದುಭಾಷಿ ಇನ್ನೂ ಏನೋ ಹೇಳುತ್ತಿದ್ದಾಳೆ, ಇವರು ನನ್ನ ಮೊಣಕೈ ಹಿಡಿದಿದ್ದಾರೆ, ನನಗೆ ಕಾಣುವುದು ಪೆನ್ನಿನ ತುದಿ ಒಂದೇ, ಆ ಪದದ ಮೇಲೆ ಗೆರೆ, ಮೊದಲಿನಿಂದ ಕೊನೆಯವರೆಗೆ ನೀಲಿ ಗೆರೆ, ಶಾಯಿ ಇನ್ನೂ ಆರಿಲ್ಲ, ಗೆರೆ, ಆ ಗೆರೆ