ಎಡಕ್ಕೆ ವಾಲಿದ ಕಾರು

ಆ ಕಾರಿಗೆ ಅತ್ತೆ ಇಟ್ಟಿದ್ದ ಹೆಸರು ಎಮ್ಮೆ. ಕಪ್ಪಗಿತ್ತು, ದಪ್ಪಗಿತ್ತು, ಮನಸ್ಸು ಬಂದಾಗ ಕೂತುಬಿಡುತ್ತಿತ್ತು. ಹೊಸದರಲ್ಲಿ ಯಾವ ಸಾಹುಕಾರನ ಮನೆ ಮುಂದೆ ನಿಂತಿತ್ತೋ ಏನೋ, ಬಡಗಿಯ ಕೈಗೆ ಬರುವ ಹೊತ್ತಿಗೆ ಹಲವು ಯಜಮಾನರನ್ನು ಕಂಡಿತ್ತು. ಈಗ ಬಡಗಿಯೂ ಹೋಗಿ, ಅದರ ಪಾಲಿಗೆ ಉಳಿದವರು ಇಬ್ಬರು ಹೆಂಗಸರು: ಗಾಲಿಕುರ್ಚಿಯಲ್ಲಿದ್ದ ಅವನ ತಾಯಿ, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಅವನ ಹೆಂಡತಿ. ಅತ್ತೆ ಮತ್ತು ಸೊಸೆ.

ಬಡಗಿ ಇದನ್ನು ಷೋಕಿಗೆ ಕೊಂಡವನಲ್ಲ. ತಾಯಿ ಮೆಟ್ಟಿಲಿನಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ, ವಾರಕ್ಕೊಮ್ಮೆ ಬೆಚ್ಚಗಿನ ನೀರಿನ ಕೊಳದಲ್ಲಿ ಇಳಿಸಿ ನಡೆಸಬೇಕು ಎಂದು ಡಾಕ್ಟರು ಹೇಳಿದ್ದರು. ನೀರಿನೊಳಗೆ ಅತ್ತೆ ಯಾರ ಹಂಗೂ ಇಲ್ಲದೆ ತನ್ನ ಕಾಲ ಮೇಲೆ ತಾನು ನಿಲ್ಲುತ್ತಿದ್ದಳು. ಕಷ್ಟವಿದ್ದದ್ದು ನೀರಿನ ತನಕ ಹೋಗುವುದರಲ್ಲಿ. ಸಣ್ಣ ಕಾರಿನಲ್ಲಿ ಕೂತರೆ ಬಾವಿಗೆ ಬಿದ್ದ ಹಾಗೆ, ಮೇಲೆತ್ತಲು ನಾಲ್ಕು ಜನ ಬೇಕು; ಎತ್ತರದ ಗಾಡಿಗೆ ಹತ್ತುವ ಮಾತೇ ಇಲ್ಲ. ಜತೆಗೆ ಮುದುಕಿಗೆ ಒಂದು ಹಠ. ತನ್ನನ್ನು ಯಾರೂ ಎತ್ತಕೂಡದು. "ನಾನೇನು ಮೂಟೆಯಾ?" ಎಂದು ಎಗರಿಬೀಳುತ್ತಿದ್ದಳು.

ಆಗ ಹಳೇ ಕಾರುಗಳನ್ನು ಮಾರುವ ಅಂಗಳದಲ್ಲಿ ಬಡಗಿಗೆ ಈ ಎಮ್ಮೆ ಕಂಡಿತು. ಬೇರೆ ಕಾರುಗಳು ಸ್ಪ್ರಿಂಗಿನ ಮೇಲೆ ನಿಂತರೆ ಇದು ಎಣ್ಣೆಯ ಒತ್ತಡದ ಮೇಲೆ ನಿಲ್ಲುತ್ತಿತ್ತು. ಒಂದು ಗುಂಡಿ ಒತ್ತಿದರೆ ಇಡೀ ಕಾರು ನಿಧಾನವಾಗಿ ಇಳಿಯುತ್ತಿತ್ತು, ಮತ್ತೆ ಒತ್ತಿದರೆ ಏಳುತ್ತಿತ್ತು. ಬಡಗಿ ಕಾರನ್ನು ಇಳಿಸಿ, ಸೀಟಿಗೂ ಗಾಲಿಕುರ್ಚಿಗೂ ನಡುವೆ ತಾನೇ ನುಣುಪು ಮಾಡಿದ ಹಲಗೆ ಇಟ್ಟು, ಹಲಗೆಯ ಮೇಲೆ ತನ್ನ ರಸಮಟ್ಟ ಇಡುತ್ತಿದ್ದ. ಗಾಜಿನ ಕೊಳವೆಯೊಳಗಿನ ಗುಳ್ಳೆ ನಟ್ಟನಡುವೆ ಬಂದ ಮೇಲೆಯೇ "ಹೂಂ, ಜಾರಮ್ಮ" ಎನ್ನುತ್ತಿದ್ದ. ಅತ್ತೆ ಮಹಾರಾಣಿಯ ಹಾಗೆ ಜಾರಿ ಒಳಗೆ ಕೂರುತ್ತಿದ್ದಳು. ಕಾರಿಗೂ ರಸಮಟ್ಟ ಇಡುವವನನ್ನು ನೋಡಿ ಸೊಸೆ ಹಿಂದೆ ನಿಂತು ನಗುತ್ತಿದ್ದಳು.

ಕಾರಿಗಿದ್ದ ಐಬು ಒಂದೇ, ಎಡಕ್ಕೆ ವಾಲಿತ್ತು. ಬೀದಿಯ ಬಾಯಿಗೆ ಅಷ್ಟು ಸಾಕಾಯಿತು. ತಿರುವಿನ ಪತ್ರಿಕೆ ಅಂಗಡಿಯವನಂತೂ, "ಏನ್ ಸ್ವಾಮಿ, ನಿಮ್ಮ ಗಾಡಿ ಒಂದು ಕಿವಿ ಕೆಳಗೆ ಮಾಡ್ಕೊಂಡು ಯಾರ ಗುಟ್ಟು ಕೇಳಿಸ್ಕೊಳ್ತಿದೆ?" ಎಂದು ದಿನಾ ಕಾಲೆಳೆಯುತ್ತಿದ್ದ. ಬಡಗಿ ನಕ್ಕು, "ವಯಸ್ಸಾಯ್ತಪ್ಪ ಅದಕ್ಕೆ" ಎನ್ನುತ್ತಿದ್ದ. ತಾಯಿಗೆ ಮಾತ್ರ, "ನಿನ್ನ ಅದೃಷ್ಟ ಕಣಮ್ಮ, ನೀನು ಕೂರೋ ಕಡೆಗೇ ವಾಲಿದೆ" ಎಂದಿದ್ದ.

ಹೋದ ಚಳಿಗಾಲದಲ್ಲಿ, ಅರ್ಧ ಮುಗಿದ ಒಂದು ಕಿಟಕಿಯ ಚೌಕಟ್ಟಿನ ಪಕ್ಕದಲ್ಲಿ ಬಡಗಿಯ ಹೃದಯ ನಿಂತುಹೋಯಿತು.

ಸೊಸೆ ಅಳಲಿಲ್ಲ. ಬಂದವರು ಅವಳನ್ನು ಗಟ್ಟಿಗಿತ್ತಿ ಎಂದರು, ಹೋಗುವಾಗ ಕಲ್ಲುಮನಸ್ಸಿನವಳು ಎಂದುಕೊಂಡು ಹೋದರು. ಎರಡೂ ನಿಜವಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗೆ ಅವಳ ಇಡೀ ಮೈ ಮರಗಟ್ಟಿತ್ತು. ಅಂಗಡಿಗೆ ಹೋಗುತ್ತಿದ್ದಳು, ಬಂದವರಿಗೆ ಗೋಡೆಯ ಅಕ್ಷರ ಓದಿಸುತ್ತಿದ್ದಳು, ಮನೆಗೆ ಬಂದು ಅಡುಗೆ ಮಾಡುತ್ತಿದ್ದಳು. ಒಮ್ಮೆ ಕುದಿಯುವ ನೀರು ಕೈಮೇಲೆ ಬಿತ್ತು. ಬೊಬ್ಬೆಯೆದ್ದದ್ದನ್ನು ಅತ್ತೆಯೇ ಮೊದಲು ನೋಡಿದಳು.

ಕಾರು ಹೊರಗೆ ನಿಂತಲ್ಲೇ ನಿಂತಿತ್ತು. ದಿನದಿನಕ್ಕೂ ಸ್ವಲ್ಪ ಸ್ವಲ್ಪ ಕುಸಿದು, ಕೊನೆಗೆ ಹೊಟ್ಟೆ ನೆಲಕ್ಕೆ ತಾಗಿತು. ಕೆಳಗೆ ಹಸಿರು ಎಣ್ಣೆಯ ಮಡು. ಗುಂಡಿ ಒತ್ತಿದರೆ ಒಳಗೆಲ್ಲೋ ಒಂದು ಯಂತ್ರ ನರಳಿ ಸುಮ್ಮನಾಗುತ್ತಿತ್ತು. ಅತ್ತೆ ಕೊಳಕ್ಕೆ ಹೋಗದೆ ತಿಂಗಳುಗಳೇ ಆದವು. ಮನೆಗೆ ಬಂದು ನೋಡಿದ ಡಾಕ್ಟರು ಮುದುಕಿಯ ಮೊಣಕಾಲು ಹಿಡಿದು ಮಡಚಲು ನೋಡಿದರು. ಅದು ಅರ್ಧಕ್ಕೇ ನಿಂತಿತು. ಬಾಗಿಲ ಬಳಿ ಸೊಸೆಯನ್ನು ಕರೆದು, "ಹೀಗೇ ಬಿಟ್ರೆ ಕೀಲು ಪೂರ್ತಿ ಕಚ್ಕೊಳ್ಳುತ್ತೆ. ಆಮೇಲೆ ನೀರಿಗಿಳಿಸಿದ್ರೂ ಪ್ರಯೋಜನ ಇಲ್ಲ, ಹಾಸಿಗೆನೇ ಗತಿ" ಎಂದರು.

ಗ್ಯಾರೇಜಿನವನು ಕಾರನ್ನು ಎಳೆಸಿಕೊಂಡು ಹೋಗಿ, ಮೇಲೆತ್ತಿ, ಕೆಳಗೆ ನಿಂತು ಬಹಳ ಹೊತ್ತು ನೋಡಿದ. ಒಂದೇ ಬಟ್ಟೆಯಲ್ಲಿ ಕೈಯನ್ನೂ ಮುಖವನ್ನೂ ಒರೆಸಿಕೊಳ್ಳುವ ಮನುಷ್ಯ.

"ನೋಡಿ ಅಕ್ಕ, ಸುಳ್ಳು ಹೇಳಲ್ಲ. ಪಂಪು ಹೋಗಿದೆ, ಎರಡು ಪೈಪು ತುಕ್ಕು ಹಿಡಿದು ತೂತಾಗಿದೆ, ಹಿಂದಿನ ಎರಡೂ ಕಡೆ ಸೀಲು ಸೋರ್ತಿದೆ. ಒಂದನ್ನ ಮಾತ್ರ ಸರಿ ಮಾಡಿದ್ರೆ ಒತ್ತಡ ಇನ್ನೊಂದರ ಮೇಲೆ ಬಿದ್ದು ಅದೂ ಒಡೆಯುತ್ತೆ. ಎಲ್ಲಾ ಸೇರಿದ್ರೆ..." ಅವನು ಮೊತ್ತ ಹೇಳಿದ. "ಈ ಕಾರು ಮಾರಿದ್ರೂ ಅಷ್ಟು ಬರಲ್ಲ. ಮೂಗಿಗಿಂತ ಮೂಗುತಿ ಭಾರ."

"ಮಾಡಿ" ಎಂದಳು ಸೊಸೆ.

"ಯೋಚನೆ ಮಾಡಿ ಹೇಳಿ ಅಕ್ಕ, ಅವಸರ ಇಲ್ಲ."

"ಮಾಡಿ."

ಬೇರೆ ಊರಿನಲ್ಲಿದ್ದ ಮೈದುನನಿಗೆ ಸುದ್ದಿ ತಲುಪಿ ಫೋನು ಬಂತು. "ಅತ್ತಿಗೆ, ಗುಜರಿಗೆ ಹಾಕಿ ಕೈ ತೊಳ್ಕೊಳ್ಳಿ. ಅಣ್ಣ ಬಿಳಿ ಆನೆ ಕಟ್ಕೊಂಡ ಅಂತ ನೀವೂ ಸಾಕ್ಬೇಕಾ? ಅಮ್ಮನಿಗೆ ಏನೋ ಒಂದು ವ್ಯವಸ್ಥೆ ಮಾಡೋಣ." ಆ 'ಏನೋ ಒಂದು' ಏನೆಂದು ಅವನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ದೂರದಲ್ಲಿರುವವರಿಗೆ ತಾಯಿಯ ಮೊಣಕಾಲೂ ನುಣ್ಣಗೇ ಕಾಣುತ್ತದೆ.

ಗಂಡನ ಮರಗೆಲಸದ ಕೊಟ್ಟಿಗೆಯಲ್ಲಿದ್ದ ಮರ ಕೊಯ್ಯುವ ದೊಡ್ಡ ಯಂತ್ರವನ್ನು ಸೊಸೆ ಮಾರಿದಳು. ಅದನ್ನು ಅವನು ದಿನಾ ಬೆಳಿಗ್ಗೆ ಒರೆಸುತ್ತಿದ್ದ. ಕೊಂಡವರು ಆಳುಗಳ ಕೈಲಿ ಹೊರಿಸಿಕೊಂಡು ಹೋದ ಮೇಲೆ ನೆಲದ ಮೇಲೆ, ಧೂಳಿಲ್ಲದ ಒಂದು ಚೌಕ ಉಳಿಯಿತು. ಈಗಲಾದರೂ ಅಳು ಬರಬಹುದೆಂದು ಅವಳು ಕಾದು ನಿಂತಳು. ಬರಲಿಲ್ಲ. ಪೊರಕೆ ತಂದು ಸುತ್ತಲಿನ ಧೂಳನ್ನೂ ಗುಡಿಸಿದಳು, ಚೌಕ ಕಾಣದಂತಾಯಿತು.

ಕಾರು ಸಿದ್ಧವಾದ ದಿನ ಗ್ಯಾರೇಜಿನವನ ಮುಖ ಅರಳಿತ್ತು. ಎಮ್ಮೆ ನಾಲ್ಕೂ ಚಕ್ರದ ಮೇಲೆ ನೆಟ್ಟಗೆ ನಿಂತಿತ್ತು.

"ಗುಂಡಿ ಒತ್ತಿ ನೋಡಿ, ಬೆಣ್ಣೆ ಹಾಗೆ ಇಳಿಯುತ್ತೆ. ಇನ್ನೊಂದು ವಿಷಯ ಅಕ್ಕ, ಇದು ಎಡಕ್ಕೆ ವಾಲಿತ್ತಲ್ಲ, ಅದನ್ನೂ ಸರಿ ಮಾಡಿದೀನಿ. ಅದಕ್ಕೆ ದುಡ್ಡು ಹಿಡಿದಿಲ್ಲ, ನಿಮ್ಮ ಯಜಮಾನ್ರ ನೆನಪಿಗೆ ಅಂತ ಇಟ್ಕೊಳ್ಳಿ. ಬಿಚ್ಚಿದ ಹಳೇ ಸಾಮಾನೆಲ್ಲ ಚೀಲಕ್ಕೆ ಹಾಕಿ ಡಿಕ್ಕಿಯಲ್ಲಿಟ್ಟಿದೀನಿ. ನಾಳೆ ಯಾರೂ ನಾನು ಬದಲಾಯಿಸಲೇ ಇಲ್ಲ ಅನ್ನಬಾರದು ನೋಡಿ."

ಅವಳು ಒಳ್ಳೆಯದು ಎಂದು ಹೇಳಿ ಕಾರು ತಂದಳು. ನೆಟ್ಟಗೆ ಬರುತ್ತಿದ್ದ ಕಾರನ್ನು ಕಂಡು ಪತ್ರಿಕೆ ಅಂಗಡಿಯವನು ಕೈಯೆತ್ತಿ, "ಭೇಷ್!" ಎಂದ.

ಮರುದಿನ ಅತ್ತೆ ಬೆಳಗಾಗುತ್ತಲೇ ತಲೆ ಬಾಚಿಸಿಕೊಂಡು, ಹೊರಗೆ ಹೋಗುವ ಬಟ್ಟೆ ಉಟ್ಟು, ಟವೆಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಷ್ಟು ತಿಂಗಳಿನಿಂದ ಆ ಮುಖದಲ್ಲಿ ಅಂಥ ಗೆಲುವು ಇರಲಿಲ್ಲ. ಸೊಸೆ ಕಾರನ್ನು ಪೂರ್ತಿ ಇಳಿಸಿ, ಎಡಗಡೆಯ ಬಾಗಿಲು ತೆಗೆದು, ಹಲಗೆ ಇಟ್ಟು, ಗಂಡ ಇಡುತ್ತಿದ್ದನೆಂದು ರಸಮಟ್ಟವನ್ನೂ ಇಟ್ಟಳು. ಗುಳ್ಳೆ ಓಡಿಹೋಗಿ ಕೊಳವೆಯ ಕಾರಿನ ಕಡೆಯ ತುದಿಗೆ ಅಂಟಿಕೊಂಡಿತು. ಸೀಟು ಕುರ್ಚಿಗಿಂತ ನಾಲ್ಕು ಬೆರಳು ಮೇಲಿತ್ತು. ಮತ್ತೆ ಗುಂಡಿ ಒತ್ತಿದಳು. ಕಾರು ಅದಕ್ಕಿಂತ ಕೆಳಗೆ ಇಳಿಯಲಿಲ್ಲ.

"ಇರಲಿ ಬಿಡೇ, ನಾಲ್ಕು ಬೆರಳು ತಾನೇ" ಎಂದು ಅತ್ತೆ ಜಾರತೊಡಗಿದಳು. ಅರ್ಧ ಹಲಗೆ ಹತ್ತಿದಳು, ಹಿಂದಕ್ಕೆ ಸರಿದಳು. ಮತ್ತೆ ಹತ್ತಿದಳು. ಹಣೆಯಲ್ಲಿ ಬೆವರು ಮೂಡಿತು. ಸೊಸೆ ಕಂಕುಳಿಗೆ ಕೈ ಹಾಕಲು ಬಂದಾಗ, "ಮುಟ್ಟಬೇಡ" ಎಂದಳು. ಮೂರನೆಯ ಸಲ ಜಾರಿ ಬಂದು ಕುರ್ಚಿಯಲ್ಲಿ ಕುಕ್ಕರಿಸಿದಳು.

"ಎಮ್ಮೆಗೆ ಸೊಕ್ಕು ಬಂದಿದೆ" ಎಂದಳು. ತಮಾಷೆ ಮಾಡಲು ಹೋದ ದನಿ ಒಡೆದಿತ್ತು. "ಒಳಗೆ ಕರ್ಕೊಂಡು ಹೋಗು. ಈ ಬಟ್ಟೆ ಬಿಚ್ಚಿಬಿಡು, ಸುಮ್ನೆ ಮಾಸುತ್ತೆ."

ಅಷ್ಟು ದುಡ್ಡು ನೀರಿಗೆ ಹಾಕಿದ ಹಾಗಾಗಿತ್ತು. ಸೊಸೆಗೆ ಸಿಟ್ಟು ಬರಬೇಕಿತ್ತು, ದುಃಖವಾಗಬೇಕಿತ್ತು. ಎರಡೂ ಬರಲಿಲ್ಲವೆಂಬುದು ಮಾತ್ರ ಅವಳಿಗೆ ಗೊತ್ತಾಯಿತು. ಅತ್ತೆಯ ಬಟ್ಟೆ ಬದಲಿಸಿ, ಹೊರಗೆ ಬಂದು, ಹಲಗೆಯನ್ನು ಡಿಕ್ಕಿಯಲ್ಲಿಡಲು ಹೋದಳು. ಅಲ್ಲಿ ಗ್ಯಾರೇಜಿನವನ ಚೀಲ ಅಡ್ಡ ಬಂತು. ಪಕ್ಕಕ್ಕೆ ಎಳೆದಾಗ ಬಾಯಿ ಬಿಚ್ಚಿಕೊಂಡು ಸಾಮಾನು ಚೆಲ್ಲಿತು. ತುಕ್ಕು ಹಿಡಿದ ಪೈಪಿನ ತುಂಡುಗಳು, ಎಣ್ಣೆ ಕುಡಿದ ರಬ್ಬರು, ಭಾರದ ಪಂಪು. ಅವುಗಳ ನಡುವೆ, ಗೇಣಿಗಿಂತ ಚಿಕ್ಕವು, ಎರಡು ಮರದ ಕಡ್ಡಿ.

ಕಾರಿನ ಹೊಟ್ಟೆಯೊಳಗೆ ಮರಕ್ಕೇನು ಕೆಲಸ? ಅವಳು ಒಂದನ್ನು ಎತ್ತಿಕೊಂಡು ಸೆರಗಿನಲ್ಲಿ ಒರೆಸಿದಳು. ಗಟ್ಟಿಮರ. ಎರಡು ತುದಿಯಲ್ಲೂ ಕೊರೆದ ತೂತು, ತೂತಿಗೆ ಕೂರಿಸಿದ ಪುಟ್ಟ ಹಿತ್ತಾಳೆ ಬಳೆ. ಬೆರಳು ತಾನಾಗಿ ಅಂಚಿನ ಮೇಲೆ ಹೋಯಿತು. ಅಂಚು ಚೂಪಾಗಿರಲಿಲ್ಲ, ನಾಲ್ಕೂ ಕಡೆ ಸಣ್ಣಗೆ ಉಜ್ಜಿ ದುಂಡು ಮಾಡಿತ್ತು. ಯಾರೂ ಯಾವತ್ತೂ ಮುಟ್ಟದ ಕಪಾಟಿನ ಹಿಂಬದಿಯ ಅಂಚನ್ನೂ ಹೀಗೆ ಉಜ್ಜುವವನು ಈ ಲೋಕದಲ್ಲಿ ಒಬ್ಬನೇ ಇದ್ದ.

ಗ್ಯಾರೇಜಿಗೆ ಫೋನು ಮಾಡಿದಳು.

"ಓ, ಅದಾ?" ಗ್ಯಾರೇಜಿನವನು ನಕ್ಕ. "ಚಕ್ರದ ಹತ್ರ ಎತ್ತರ ಅಳೆಯೋಕೆ ಒಂದು ಕಡ್ಡಿ ಇರುತ್ತೆ ಅಕ್ಕ. ಅದರ ಉದ್ದ ನೋಡ್ಕೊಂಡೇ ಕಾರು ತಾನು ಎಷ್ಟು ಎತ್ತರದಲ್ಲಿದೀನಿ ಅಂತ ತಿಳ್ಕೊಳ್ಳೋದು. ಎಡಗಡೆ ಎರಡಕ್ಕೂ ಯಾರೋ ಕಂಪನಿ ಕಡ್ಡಿ ತೆಗೆದು ಮರದ್ದು ಹಾಕಿದ್ರು, ಅದೂ ಅಳತೆ ತಪ್ಪಿ. ಅದಕ್ಕೇ ವಾಲಿದ್ದು. ಯಾವನೋ ತಲೆಕೆಟ್ಟವನ ಕೆಲಸ."

ಅಳತೆ ತಪ್ಪಿ! ಕೂದಲೆಳೆಯಷ್ಟು ಓರೆಯಿದ್ದರೆ ಬಾಗಿಲನ್ನೇ ಕಳಚಿ ಮತ್ತೆ ಕೂರಿಸುತ್ತಿದ್ದವನು, ಬೀದಿಯೆಲ್ಲ ನಗುವ ಓರೆಯನ್ನು ವರ್ಷಗಟ್ಟಲೆ ಹೊತ್ತು ತಿರುಗಿದ್ದ. ಅದು ಹೇಗೆ ಸಾಧ್ಯ ಎಂದು ಅವನ ಹೆಂಡತಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಕಂಪನಿಯವರು ಇಟ್ಟ ಎತ್ತರ ತಾಯಿಗೆ ನಾಲ್ಕು ಬೆರಳು ಹೆಚ್ಚಾಗಿತ್ತು, ಅಷ್ಟನ್ನೇ ಅವನು ತೆಗೆದಿದ್ದ. ಹೇಳಿದ್ದರೆ ಮುದುಕಿ, 'ನನಗೋಸ್ಕರ ಇಷ್ಟು ದೊಡ್ಡ ಕಾರು ಕೆಡಿಸಿದೆಯಾ' ಎಂದು ಹತ್ತುತ್ತಲೇ ಇರಲಿಲ್ಲ.

ಸೊಸೆ ಕಡ್ಡಿಯನ್ನು ಒಳಗೆ ಒಯ್ದು ಅತ್ತೆಯ ಕೈಗಿಟ್ಟು, ಕೇಳಿದ್ದನ್ನು ಹೇಳಿದಳು. ಅತ್ತೆ ಹೆಬ್ಬೆರಳಿನಿಂದ ಅಂಚನ್ನು ಆ ತುದಿಯಿಂದ ಈ ತುದಿಗೆ ಸವರಿದಳು.

"ಅದೃಷ್ಟ ಅಂತೆ ಅದೃಷ್ಟ" ಎಂದಳು. "ಸುಳ್ಳ. ಚಿಕ್ಕವನಿದ್ದಾಗಲೂ ಹೀಗೇ, ಮುಖ ನೋಡಿದ್ರೆ ಒಂದೂ ಗೊತ್ತಾಗ್ತಿರಲಿಲ್ಲ."

ಆಮೇಲೆ ಕಡ್ಡಿಯನ್ನು ಎದೆಗೊತ್ತಿಕೊಂಡು ಅತ್ತಳು. ಸೊಸೆ ಪಕ್ಕದಲ್ಲಿ ಒಣಗಿದ ಕಣ್ಣಿನಲ್ಲಿ ಕೂತಿದ್ದಳು. ಆ ಅಳುವಿನ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಯಿತು.

ಮರದ ಕಡ್ಡಿಗಳನ್ನೇ ಮತ್ತೆ ಹಾಕಿ ಎಂದರೆ ಗ್ಯಾರೇಜಿನವನು ಒಪ್ಪಲಿಲ್ಲ. "ಇಷ್ಟು ದುಡ್ಡು ಸುರಿದು ಸರಿ ಮಾಡ್ಸಿ, ಈಗ ಕೆಡಿಸಿ ಕೊಡಿ ಅಂತೀರಲ್ಲ! ನಾಳೆ ಜನ ನೋಡಿ ಇದು ಯಾರ ಕೈಕೆಲಸ ಅಂತ ಕೇಳಿದ್ರೆ?"

"ನನ್ನ ಗಂಡನ ಕೈಕೆಲಸ ಅಂತ ಹೇಳಿ."

ಅವನು ಬಟ್ಟೆಯಿಂದ ಕೈ ಒರೆಸಿಕೊಂಡ, ಮುಖ ಒರೆಸಿಕೊಂಡ. 'ಯಾವನೋ ತಲೆಕೆಟ್ಟವನು' ಎಂದದ್ದು ನೆನಪಾಗಿರಬೇಕು. ಕಡ್ಡಿಗಳನ್ನು ಇಸಿದುಕೊಂಡು ಕಾರಿನ ಕೆಳಗೆ ಹೋದ. ಎದ್ದು ಬಂದಾಗ ಇಷ್ಟು ಮಾತ್ರ ಹೇಳಿದ: "ತೂತಿನ ಬಳೆ ಎಷ್ಟು ಬಿಗಿಯಾಗಿ ಕೂತಿದೆ ಅಂತೀರಿ. ಇನ್ನೂ ಬಾಳುತ್ತೆ ಅಕ್ಕ."

ಎಮ್ಮೆ ಮತ್ತೆ ಎಡಕ್ಕೆ ವಾಲಿಕೊಂಡು ಬೀದಿಗೆ ಬಂತು. ಪತ್ರಿಕೆ ಅಂಗಡಿಯವನು ಹೊರಗೆ ಓಡಿ ಬಂದು, "ಅಯ್ಯೋ, ಮತ್ತೆ ಕೆಟ್ಟುಹೋಯ್ತಾ?" ಎಂದ.

"ಇಲ್ಲ, ಸರಿ ಹೋಯ್ತು" ಎಂದಳು ಸೊಸೆ.

ಆ ವಾರ ಅತ್ತೆ ಮತ್ತೆ ಹೊರಗೆ ಹೋಗುವ ಬಟ್ಟೆ ಉಟ್ಟಳು. ಸೊಸೆ ಗುಂಡಿ ಒತ್ತಿದಳು, ಕಾರು ಇಳಿಯಿತು. ಹಲಗೆ ಇಟ್ಟಳು, ರಸಮಟ್ಟ ಇಟ್ಟಳು. ಗುಳ್ಳೆ ಅತ್ತ ಹೋಯಿತು, ಇತ್ತ ಬಂತು, ನಿಧಾನವಾಗಿ ಎರಡು ಗೆರೆಗಳ ನಟ್ಟನಡುವೆ ಬಂದು ನಿಂತಿತು. ಇನ್ನು ಒಂದು ಮಾತು ಹೇಳಬೇಕಿತ್ತು. ಹೇಳುವವನು ಇರಲಿಲ್ಲ. ಅತ್ತೆ ಟವೆಲು ಹಿಡಿದು ಕಾಯುತ್ತಿದ್ದಳು.

"ಹೂಂ" ಎಂದಳು ಸೊಸೆ. "ಜಾರಮ್ಮ."

ಅತ್ತೆ ಎನ್ನುವ ಬದಲು ಅಮ್ಮ ಎಂದಿದ್ದಳು, ಅವನು ಹೇಳುತ್ತಿದ್ದ ಹಾಗೇ. ಅತ್ತೆ ಒಮ್ಮೆ ಅವಳ ಮುಖ ನೋಡಿದಳು. ಆಮೇಲೆ ಹಲಗೆಯ ಮೇಲೆ ಕೈಯೂರಿ, ಒಂದೇ ಸಲಕ್ಕೆ ಜಾರಿ ಸೀಟಿನಲ್ಲಿ ಕೂತಳು.

ಬಾಗಿಲು ಹಾಕಬೇಕಿತ್ತು. ಸೊಸೆಯ ಕೈ ಬಾಗಿಲಿನ ಮೇಲಿತ್ತು. ಅವಳು ಚಕ್ರದ ಪಕ್ಕ ನೆಲದ ಮೇಲೆ ಕುಸಿದು, ವಾಲಿದ ಕಾರಿಗೆ ಹಣೆ ಆನಿಸಿ, ದೊಡ್ಡ ದನಿ ತೆಗೆದು ಅತ್ತಳು. ಎಲ್ಲಾ ಕಡೆಯೂ ಒಟ್ಟಿಗೇ ನೋಯುತ್ತಿತ್ತು, ಸುಟ್ಟ ಕೈಯೂ ಸೇರಿ.

ಮೇಲಿನಿಂದ ಅತ್ತೆಯ ಕೈ ಬಂದು ಅವಳ ತಲೆಯನ್ನು ಮುಟ್ಟಿತು. ಕಾರು ಅಷ್ಟು ಕೆಳಗಿದ್ದದ್ದರಿಂದ ಮುಟ್ಟಲು ಮುದುಕಿ ಬಗ್ಗಬೇಕಾಗಿಯೂ ಬರಲಿಲ್ಲ.

"ಅಳು" ಎಂದಳು ಅತ್ತೆ. "ನಂಗೇನೂ ಅವಸರ ಇಲ್ಲ. ಕೊಳ ಎಲ್ಲೂ ಓಡಿಹೋಗಲ್ಲ."