ಅಬಾನೊ ಘಾಟಿಯಲ್ಲಿ ನಿಂತ ಲಾರಿ

ಆ ವರ್ಷ ಬೇಸಿಗೆಗೇ ಇಮೆದಾ ಭಾವ ರಿಪೇರಿ ಕೆಲಸ ಬಿಟ್ಟುಬಿಟ್ಟಿದ್ದರು. ಹಾಗೆಂದು ಅವರು ಹೇಳಿಕೊಳ್ಳುತ್ತಿದ್ದರು, ಅಕ್ಕ ನಂಬಿರಲಿಲ್ಲ. ರಷ್ಯದ ಸೈನ್ಯ ನೆಲೆ ಖಾಲಿ ಮಾಡಿದಾಗ ನಮ್ಮ ಅಲ್ವಾನಿ ಊರಿನವರು ಹರಾಜಿನಲ್ಲಿ ಹನ್ನೊಂದು ಲಾರಿ ಕೊಂಡು ತಂದಿದ್ದರು. ಜೂನ್‌ನಲ್ಲಿ ಹಿಟ್ಟು, ಉಪ್ಪು ಹೊತ್ತು ತುಶೇತಿಯ ಬೆಟ್ಟದ ಬೇಸಿಗೆ ಹುಲ್ಲುಗಾವಲಿಗೆ ಹತ್ತುವುದಕ್ಕೂ ಹಿಮ ಬೀಳುವ ಮೊದಲು ಚೀಸ್ ಹೊತ್ತು ಇಳಿಯುವುದಕ್ಕೂ ಅವೇ ಗತಿ. ಅವುಗಳ ಹೊಟ್ಟೆಯಡಿ ಮಲಗಿ ಮಲಗಿ ಭಾವನ ಸೊಂಟ ಹೋಗಿತ್ತು. ಅಷ್ಟರಲ್ಲಿ ಏಳು ಲಾರಿಗಳನ್ನು ಬಿಚ್ಚಿ, ಉಳಿದ ನಾಲ್ಕರ ಜೀವ ಉಳಿಸಿದ್ದರು.

ಸೆಪ್ಟೆಂಬರ್ ಕೊನೆಯ ಒಂದು ಬೆಳಿಗ್ಗೆ, ಆ ನಾಲ್ಕರಲ್ಲಿ ಒಂದನ್ನು ಓಡಿಸುವ ಲುಖುಮಿಯ ಫೋನ್ ಬಂತು. ಲಾರಿ ಅಬಾನೊ ಘಾಟಿ ದಾಟಿ ಈಚೆಗೆ ನಿಂತುಬಿಟ್ಟಿದೆ, ಲಾರಿಯ ಮೇಲೆ ಅವನ ತಾಯಿ, ಹೆಂಡತಿ ಇದ್ದಾರೆ, ನಲವತ್ತು ತೊಗಲುಚೀಲ ಚೀಸ್ ಇದೆ, ಮೋಡ ಕಟ್ಟುತ್ತಿದೆ ಎಂದ.

ಭಾವ ಎದ್ದು ಹಾಸಿಗೆಯ ಅಂಚಿನಲ್ಲಿ ಕೂತರು.

"ಕೆಲಸ ಬಿಟ್ಟವರು ಬೂಟ್ ಯಾಕೆ ಹುಡುಕ್ತಿದೀರಿ?" ಎಂದಳು ಅಕ್ಕ.

"ಎಡಗಾಲಿಂದು ಎಲ್ಲಿಟ್ಟಿದೀಯ ಹೇಳು, ಸಾಕು."

ನನ್ನ ಪುಟ್ಟ ಜೀಪಿನಲ್ಲಿ ಭಾವ, ನಾನು ಹೊರಟೆವು. ಎರಡು ಕಡೆ ಕೆಳಗಿಳಿದು ಕಲ್ಲು ಸರಿಸಬೇಕಾಯಿತು. ಮಧ್ಯಾಹ್ನ ತಲುಪಿ ನೋಡಿದರೆ ತೊಂದರೆ ದೊಡ್ಡದೇನಲ್ಲ, ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ಪಂಪಿನೊಳಗಿನ ರಬ್ಬರ್ ಪರದೆ ಹರಿದಿತ್ತು. ಅರ್ಧ ಗಂಟೆಯಲ್ಲಿ ಭಾವ ಹಳೆಯದೊಂದು ಪರದೆ ಹಾಕಿದರು. ಎಂಜಿನ್ ಕೆಮ್ಮಿ ಹೊತ್ತಿಕೊಂಡಿತು. ಹೆಂಗಸರು ಮೇಲೆ ಹತ್ತಿ ಕೂತರು.

ಸ್ಪ್ಯಾನರ್ ಒಂದು ಉರುಳಿ ಲಾರಿಯ ಕೆಳಗೆ ಹೋಗಿತ್ತು. ಅದನ್ನು ತೆಗೆಯಲು ಬಗ್ಗಿದ ಭಾವ ಮೇಲೇಳಲೇ ಇಲ್ಲ. ಸೊಂಟ ಹಿಡಿಯಿತೇನೋ ಎಂದು ನಾನು ಓಡಿದೆ. ಅವರು ಟಾರ್ಚ್ ಹಿಡಿದು, ಲಾರಿಯ ಅಡಿಚೌಕಟ್ಟಾದ ಚಾಸಿಯ ಒಂದು ಜಾಗವನ್ನು ಉಗುರಿನಿಂದ ಕೆರೆಯುತ್ತಿದ್ದರು. ಸ್ಟೇರಿಂಗ್ ಬಾಕ್ಸ್ ಕೂರುವ ಕಡೆ, ಅವರೇ ಎರಡು ಸಲ ವೆಲ್ಡಿಂಗ್ ಮಾಡಿದ್ದ ಗಾಯದ ಪಕ್ಕದಲ್ಲಿ ಹೊಸ ಬಿರುಕು ಬಿಟ್ಟಿತ್ತು.

ಎದ್ದವರೇ ಎಂಜಿನ್ ಆರಿಸಿದರು. ಡಿಸ್ಟ್ರಿಬ್ಯೂಟರ್ ಮುಚ್ಚಳ ಬಿಚ್ಚಿ, ಒಳಗಿನ ರೋಟರ್ ಕಿತ್ತು ಜೇಬಿಗೆ ಹಾಕಿಕೊಂಡರು. ಅದಿಲ್ಲದೆ ಗಾಡಿ ಹೊತ್ತಿಕೊಳ್ಳುವುದಿಲ್ಲ.

"ಏನ್ ಮಾಮ ಇದು?" ಎಂದ ಲುಖುಮಿ.

"ಇಳಿಸ್ಬೇಡ. ತಿರುವಲ್ಲಿ ಸ್ಟೇರಿಂಗ್ ಕಿತ್ತು ಕೈಗೆ ಬರುತ್ತೆ."

"ಅದೇ ಬಿರುಕಲ್ವಾ? ನಾಲ್ಕು ವರ್ಷದಿಂದ 'ನಡೆಯುತ್ತೆ ಬಿಡು' ಅಂದೋರು ನೀವೇ."

"ಹೌದು, ಅಂದಿದ್ದೆ. ಇವತ್ತು ಅನ್ನಲ್ಲ."

"ನಿಮ್ಮ ಸೊಂಟ ಹೋಯ್ತು ಅಂತ ನನ್ನ ಲಾರಿ ಚಾಸಿನೂ ಹೋಯ್ತಾ?"

ಲುಖುಮಿ ಭಾವನ ಕೋಟಿನ ಜೇಬಿಗೆ ಕೈ ಹಾಕಿದ. ಮೇಲೆ ಕೂತಿದ್ದ ಅವನ ತಾಯಿ, "ಕೈ ತೆಗಿಯೋ, ಅವನು ನಿಮ್ಮಪ್ಪನ ಜೊತೆಗಾರ" ಎಂದು ಮೆಲ್ಲಗೆ ಹೇಳಿ, ತಾವೇ ಇಳಿಯತೊಡಗಿದರು.

ಹೆಂಗಸರನ್ನು ನಾವು ಜೀಪಿನಲ್ಲಿ ಕರೆದುಕೊಂಡು ಬಂದೆವು. ಚೀಸ್ ಕಾಯಲು ಲುಖುಮಿ ಅಲ್ಲೇ ಉಳಿದ. ಮರುದಿನ ಬೇರೆ ಗಾಡಿ ಒಯ್ಯುವ ಯೋಚನೆಯಿತ್ತು. ಬೆಳಗಾಗುವಷ್ಟರಲ್ಲಿ ಘಾಟಿಯಲ್ಲಿ ಮೊಣಕಾಲುದ್ದ ಹಿಮ ಬಿದ್ದಿತ್ತು. ಲುಖುಮಿ ನಡೆದುಕೊಂಡೇ ಇಳಿದು ಬಂದ. ಹಿಮಕ್ಕೆ ಎರಡು ಕಾಲ್ಬೆರಳು ಸತ್ತು ಕಪ್ಪಾಗಿದ್ದವು. ಚೀಸ್ ಅಲ್ಲೇ ಉಳಿಯಿತು.

ಚಳಿಗಾಲವಿಡೀ ಅವನು ನಮ್ಮ ಓಣಿಗೆ ಕಾಲಿಡಲಿಲ್ಲ. ಇಮೆದಾಗೆ ವಯಸ್ಸಾಯಿತು, ಹೆದರಿದ ಎಂದು ಊರು ಮಾತಾಡಿಕೊಂಡಿತು. ಒಂದು ದಿನ ಬೀನ್ಸ್ ಸಾರಿಗೆ ರೊಟ್ಟಿ ಅದ್ದುತ್ತಾ ಭಾವನೇ ಅಂದರು, "ಅವತ್ತು ಲಾರಿ ಇಳಿಸಿದ್ರೆ ಇಳಿದೇಬಿಡ್ತಿತ್ತೇನೋ. ಯಾರಿಗ್ಗೊತ್ತು."

ಜೂನ್‌ನಲ್ಲಿ ದಾರಿ ತೆರೆದಾಗ ಭಾವ, ಲುಖುಮಿ, ನಾನು ಮೂವರೂ ಹೋದೆವು. ಲುಖುಮಿಯನ್ನು ಅವನ ತಾಯಿ ಬೈದು ಕಳಿಸಿದ್ದರು. ಕರಡಿಗಳು ಒಂದು ತೊಗಲನ್ನೂ ಬಿಟ್ಟಿರಲಿಲ್ಲ. ಚಾಸಿ ಆ ಬಿರುಕಿನಲ್ಲೇ ಪೂರ್ತಿ ತುಂಡಾಗಿ, ಲಾರಿಯ ಮೂತಿ ನೆಲಕ್ಕೆ ಬಾಗಿತ್ತು. ಲುಖುಮಿ ಮುರಿದ ಕಡೆ ಕೈಯಾಡಿಸಿದ.

"ಹಿಮದ ಭಾರಕ್ಕೆ ಮುರಿದಿದೆ," ಎಂದ.

"ಇರಬಹುದು," ಎಂದರು ಭಾವ.

ನಾಲ್ಕು ದಿನ ಅಲ್ಲೇ ಇದ್ದು ಎಂಜಿನ್, ಗೇರ್‌ಬಾಕ್ಸ್, ಚಕ್ರಗಳನ್ನು ಬಿಚ್ಚಿ ಸಾಗಿಸಿದೆವು. ಕೊನೆಯ ದಿನ ಲುಖುಮಿ ಕುಂಟುತ್ತಾ ಬಂದು ಭಾವನ ಪಕ್ಕ ಕೂತ.

"ಹಳೇ ಗಾಡಿ ಡಿಪೋದಲ್ಲಿ ಒಂದು ಲಾರಿ ಹರಾಜಿಗೆ ಬಂದಿದೆಯಂತೆ. ಬಂದು ನೋಡ್ತೀರಾ ಮಾಮ?"

"ಕೆಳಗೆ ಮಲಗೋನು ನೀನು. ನಾನು ನಿಂತು ಹೇಳ್ತೀನಿ."

ಡಿಪೋದಲ್ಲಿ ಲುಖುಮಿ ಲಾರಿಯಡಿ ತೂರಿದ. ಏನು ಕೇಳಿದರೂ "ಚೆನ್ನಾಗೇ ಕಾಣುತ್ತೆ" ಎಂದಷ್ಟೇ ಹೇಳುತ್ತಿದ್ದ. ಭಾವ ಸ್ವಲ್ಪ ಹೊತ್ತು ತಡೆದುಕೊಂಡರು. ಆಮೇಲೆ ಅವನನ್ನು ಎಬ್ಬಿಸಿ, ರಟ್ಟು ಹಾಸಿಕೊಂಡು ತಾವೇ ಒಳಗೆ ಸರಿದರು. ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಬಗ್ಗಿ ನೋಡಿದೆ. ಕಣ್ಣು ಮುಚ್ಚಿ ಮಲಗಿದ್ದರು.

"ಏನಾಯ್ತು ಭಾವ?"

"ಏನಿಲ್ಲ. ಚಾಸಿ ಗಟ್ಟಿ ಇದೆ, ತಗೊಳ್ಳಲಿ. ನನ್ನ ಒಂದೈದು ನಿಮಿಷ ಹೀಗೇ ಬಿಡು."