ಇನ್ನೂ ಹದಕ್ಕೆ ಬರಲಿ

ಅವಳ ಅಣ್ಣ ದ್ರಾಕ್ಷಿತೋಟವೊಂದರಲ್ಲಿ ವೈನ್ ತಯಾರಿಸುವವನು. ತಂಗಿಯ ಮದುವೆಗೆಂದು ತನ್ನ ಕೈಯಾರೆ ಮಾಡಿದ ಕೆಂಪು ವೈನಿನ ಎರಡು ಬಾಟಲಿ ತಂದಿದ್ದ. ಒಂದನ್ನು ಅಂದೇ ತೆರೆದರು. ಬಲಿಯದ ಹಣ್ಣು ಕಚ್ಚಿದಂಥ ಒಗರು. ಮದುಮಗಳು ಮುಖ ಕಿವುಚಿದಳು. ಇನ್ನೊಂದನ್ನು ಕತ್ತಲಲ್ಲಿ, ತಂಪಿನಲ್ಲಿ ಮಲಗಿಸಿಡಿ, ವರ್ಷ ಕಳೆದಂತೆ ತಾನಾಗಿ ಮೆತ್ತಗಾಗುತ್ತದೆ ಎಂದ ಅಣ್ಣ.

ಗಂಡನದು ಕನ್ನಡಕದ ಅಂಗಡಿ. ತಾಳ್ಮೆಯ ಆಸಾಮಿ. ಬಾಟಲಿಯನ್ನು ಅಂಗಡಿಯ ನೆಲಮಾಳಿಗೆಯಲ್ಲಿ ಮಲಗಿಸಿದ. ಅವಳು ಬೇಕರಿಯಲ್ಲಿ ಬ್ರೆಡ್ ಬೇಯಿಸುವವಳು. ಓವನ್ನಿನ ಬಾಗಿಲು ತೆರೆಯದೆ, ಬರೀ ವಾಸನೆಯಲ್ಲೇ ಬೆಂದಿದೆಯೋ ಇಲ್ಲವೋ ಹೇಳುತ್ತಿದ್ದಳು. ಮಗಳು ಹುಟ್ಟಿದಾಗ, ಸ್ವಂತ ಮನೆಯಾದಾಗ, ಮಗಳ ಮದುವೆಯಾದಾಗ, ಈಗಲಾದರೂ ಅದನ್ನು ತೆಗೆಯೋಣವೇ ಎಂದು ಕೇಳಿದಳು. ಪ್ರತಿ ಸಲವೂ ಅವನದು ಒಂದೇ ರಾಗ: ಇನ್ನೂ ಹದಕ್ಕೆ ಬರಲಿ.

ಆಮೇಲೆ ಅವಳ ಗಂಟಲಿಗೆ ಕ್ಯಾನ್ಸರ್ ಬಂತು. ಚಿಕಿತ್ಸೆ ನಾಲಿಗೆಯ ರುಚಿಯನ್ನೂ ಮೂಗಿನ ವಾಸನೆಯನ್ನೂ ಕಿತ್ತುಕೊಂಡಿತು, ಕಾಯಿಲೆಯನ್ನು ಮಾತ್ರ ಹಾಗೇ ಬಿಟ್ಟಿತು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ವೈದ್ಯೆ ಹೇಳಿದ ವಾರ, ಬಾಟಲಿ ತನ್ನಿ ಎಂದವಳು ಅವಳೇ.

ಭಾನುವಾರ ಮಧ್ಯಾಹ್ನ ಅಣ್ಣನೂ ಬಂದ. ತೆಗೆಯುವಾಗ ಬಿರಡೆ ಪುಡಿಪುಡಿಯಾಯಿತು, ಅವನೇ ಟೀ ಜಾಲರಿಯಲ್ಲಿ ಸೋಸಿ ಮೂರು ಲೋಟಗಳಿಗೆ ಬಗ್ಗಿಸಿದ. ವೈನ್ ಅಂಚಿನಲ್ಲಿ ಹಳೆಯ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ದಿಂಬಿಗೆ ಒರಗಿದ್ದ ಅವಳು ತುಟಿ ಒದ್ದೆ ಮಾಡಿಕೊಂಡು, ನೀರು ಕುಡಿದ ಹಾಗಿದೆ ಎಂದಳು. ಗಂಡ ಒಂದು ಗುಟುಕು ಕುಡಿದ. ಅಂಥದ್ದನ್ನು ಅವನು ಜನ್ಮದಲ್ಲಿ ಕುಡಿದಿರಲಿಲ್ಲ. ಕಣ್ಣು ತುಂಬಿ ಬಂತು.

“ಕೆಟ್ಟು ಹೋಗಿದೆ ಕಣೇ,” ಎಂದ. “ಬರೀ ಹುಳಿ. ನಿಂಗೇನೂ ತಪ್ಪಿ ಹೋಗಿಲ್ಲ.”

ಅಣ್ಣನೂ ಒಂದು ಗುಟುಕು ಕುಡಿದು, ಲೋಟ ನೋಡುತ್ತಾ ತಲೆಯಾಡಿಸಿದ. ತಾನು ಈವರೆಗೆ ಮಾಡಿದ್ದರಲ್ಲೇ ಒಳ್ಳೆಯ ವೈನನ್ನು ಹುಳಿ ಎಂದು ಒಪ್ಪಿಕೊಂಡ.

ಹಾಗಾದರೆ ಚೆಲ್ಲಿ ಬನ್ನಿ ಎಂದಳು. ಗಂಡ ಬಾಟಲಿ ಹಿಡಿದು ಅಡುಗೆಮನೆಗೆ ಹೋಗಿ ಸಿಂಕಿನ ಮುಂದೆ ನಿಂತ. ಚೆಲ್ಲಲು ಕೈ ಬರಲಿಲ್ಲ. ಸದ್ದಾದರೂ ಕೇಳಲಿ ಎಂದು ನಲ್ಲಿ ತಿರುಗಿಸಿದ.

“ರೀ, ಅದು ನಲ್ಲಿ ನೀರು,” ಕೋಣೆಯಿಂದ ಅವಳ ಒಡಕು ದನಿ ಬಂತು. “ಮೂಗು ಹೋಗಿದೆ, ಕಿವಿ ಇನ್ನೂ ಗಟ್ಟಿಯಾಗೇ ಇದೆ. ಬಂದು ಕೂತ್ಕೊಂಡು ಹೇಗಿದೆ ಹೇಳಿ.”

ಬಂದು ಕೂತ. ಮಾತು ಬಲ್ಲವನಲ್ಲ. ಒಗರೆಲ್ಲ ಹೋಗಿ ಒಣ ಅಂಜೂರದಂಥದ್ದೇನೋ ಉಳಿದಿದೆ, ನುಂಗಿದ ಮೇಲೂ ಬಾಯಲ್ಲಿ ನಿಲ್ಲುತ್ತದೆ ಎಂದು ತಡವರಿಸಿದ. ಹೇಗೆ ನಿಲ್ಲುತ್ತದೆ ಎಂದು ಅವಳು ಕೆದಕಿದಳು. ಬ್ರೆಡ್ಡಿನ ಕಂದು ಅಂಚಿನ ಹಾಗೋ, ಸುಟ್ಟ ಸಕ್ಕರೆಯ ಹಾಗೋ? ಅವನು ಇನ್ನೊಂದು ಗುಟುಕು ಕುಡಿದು, ಯೋಚಿಸಿ, ಅಂಚಿನ ಹಾಗೆ ಎಂದ. ಅವಳು ಕಣ್ಣು ಮುಚ್ಚಿ ದವಡೆಯನ್ನು ನಿಧಾನವಾಗಿ ಆಡಿಸಿದಳು.

“ಇಷ್ಟು ವರ್ಷ ಇಟ್ಟಿದ್ದು ಸಾರ್ಥಕ ಆಯ್ತಾ?”

“ವೈನಿಗೆ ಆಯ್ತು,” ಎಂದ. ಅವಳು ತನ್ನ ಲೋಟವನ್ನು ಅವನತ್ತ ಸರಿಸಿದಳು.

ಅಣ್ಣ ಹೊರಡುವ ಹೊತ್ತಿಗೆ ಬಾಗಿಲ ಬಳಿ ಗಂಡ ಅವನನ್ನು ತಡೆದ.

“ಭಾವ, ಮಗಳ ಮದುವೇಲೇ ತೆಗೆದಿದ್ರೆ ಇಷ್ಟೇ ಚೆನ್ನಾಗಿರ್ತಿತ್ತಾ?”

ಅಣ್ಣನಿಗೆ ಅವನ ಸಮಾಧಾನಕ್ಕೆ ಇಲ್ಲ ಎಂದುಬಿಡುವ ಮನಸ್ಸಿತ್ತು. ಆದರೆ ಆ ದಿನಕ್ಕೆ ಒಂದು ಸುಳ್ಳು ಸಾಕಾಗಿತ್ತು.

“ಇರ್ತಿತ್ತು,” ಎಂದ.

ಗಂಡ ತಲೆಯಾಡಿಸಿ, ಅವಳಿಗೆ ಮಗ್ಗುಲು ಬದಲಿಸುವ ಹೊತ್ತಾಯಿತೆಂದು ಒಳಗೆ ಹೋದ. ಚಳಿ ಶುರುವಾಗುವ ಮೊದಲೇ ಅವಳು ತೀರಿಕೊಂಡಳು.